ಕಾಕಾನ ಕುತ್ತಿಗೆಯ ಗಂಟು

ಕಳೆದ ಸೆಮ್ ರಜೆಗೆ ಕೇಶ್ವಾಪುರದ ಮನೆಗೆ ಹೋದಾಗ ಎಲ್ಲರೂ ಮೆಲ್ಲಗೆ ಮಾತಾಡ್ತಿದ್ರು. ಕಾಕಾನ ಕುತ್ತಿಗೆಯಲ್ಲಿ ಗಂಟು ಮತ್ತೆ ಬಂದಿತ್ತು. ಲಿಂಫೋಮಾ. ಹಿಂದಿನ ವರ್ಷ 21 ದಿನಕ್ಕೊಂದರಂತೆ ಆರು ಕೀಮೋ ಮುಗಿದಾಗ ನಾವು ಓಣಿಗೆಲ್ಲ ಪೇಢೆ ಹಂಚಿದ್ದೆವು.

ಡಾಕ್ಟರು ಈ ಸಲ ಕಾರ್-ಟಿ ಅಂದಿದ್ದರು. "ನೀವು ಇಂಜಿನಿಯರಿಂಗ್ ಕಲಿಯೋರು. ಅದೇನಂತ ನನಗ ಬಿಡಿಸಿ ಹೇಳ್ರಿ" ಅಂದಳು ಅಜ್ಜಿ. ಅಕ್ಕ, ನಾನು ಇಬ್ಬರೂ ಇಂಗ್ಲಿಷ್ ಮೀಡಿಯಂ. ರಾತ್ರಿಯಿಡೀ ಓದಿದ್ದೆವು, ಅರ್ಥವೂ ಆಗಿತ್ತು. ಕನ್ನಡದಲ್ಲಿ ಹೇಳೋಕೆ ಮಾತ್ರ ಬಾಯಿ ಬರಲಿಲ್ಲ.

ತಡವರಿಸುತ್ತಲೇ ಶುರು ಮಾಡಿದೆವು. ನಮ್ಮ ರಕ್ತದಲ್ಲಿ ಟಿ-ಕೋಶ ಅಂತ ಕಾವಲುಗಾರರು ಇರ್ತಾರೆ. ಕ್ಯಾನ್ಸರ್ ಕೋಶ ಅವರ ಕಣ್ಣು ತಪ್ಪಿಸಿ ಬೆಳೆಯುತ್ತೆ. ಕಾಕಾನ ರಕ್ತದಿಂದ ಆ ಕೋಶಗಳನ್ನು ಮಷೀನಿನಲ್ಲಿ ಬೇರೆ ಮಾಡಿ, ಉಳಿದ ರಕ್ತವನ್ನು ವಾಪಸ್ ಮೈಗೆ ಬಿಡ್ತಾರೆ. ಲ್ಯಾಬಿನಲ್ಲಿ, ರೋಗ ತರದಂತೆ ಮಾಡಿದ ವೈರಸ್ ಮೂಲಕ ಹೊಸ ಜೀನ್ ಸೇರಿಸ್ತಾರೆ. ಆಗ ಅವು ಸಿಡಿ19 ಅನ್ನೋ ಗುರುತು ಇರುವ ಕೋಶಗಳನ್ನು ಹಿಡಿಯೋಕೆ ಕಲಿಯುತ್ತವೆ. ಅವನ್ನೇ ಬೆಳೆಸಿ, ಮತ್ತೆ ಕಾಕಾನಿಗೇ ಏರಿಸೋದು.

ಅಮೆರಿಕದಲ್ಲಿ ಇದಕ್ಕೆ 2017ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಅಲ್ಲಿ ಖರ್ಚು ಕೋಟಿಗಳಲ್ಲಿ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಬೆಳೆದ ನೆಕ್ಸ್‌ಕಾರ್19ಗೆ ಇಲ್ಲಿ ಅನುಮತಿ ಸಿಕ್ಕಿದ್ದು 2023ರ ಅಕ್ಟೋಬರ್‌ನಲ್ಲಿ. 2025ರಲ್ಲಿ ನಮ್ಮ ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್ಟೆಮಿ ಬಂತು. ಆದರೂ ಲಕ್ಷಗಟ್ಟಲೆ. ಅಪ್ಪ ಆಗಲೇ ಪ್ಲಾಟಿನ ಕಾಗದಪತ್ರ ಹುಡುಕುತ್ತಿದ್ದರು.

"ಆರಾಮ ಆಗ್ತಾನೇನ?" ಅಂದಳು ಅಜ್ಜಿ.

ಇಲ್ಲಿ ಸುಳ್ಳು ಹೇಳೋದು ಸುಲಭ ಇತ್ತು. ನೆಕ್ಸ್‌ಕಾರ್19 ಪ್ರಯೋಗದಲ್ಲಿ ಫಲಿತಾಂಶ ಅಳೆದವರ ಪೈಕಿ ನೂರಕ್ಕೆ ಸುಮಾರು 73 ಮಂದಿಗೆ ಔಷಧ ನಾಟಿತ್ತು ಅಂದೆವು. ನಾಟಿದವರಲ್ಲೂ ರೋಗ ಮತ್ತೆ ಬರಬಹುದು, ಕೋಶ ಏರಿಸಿದ ಮೇಲೆ ವಿಪರೀತ ಜ್ವರ ಬರಬಹುದು, ಬಿ.ಪಿ. ಇಳಿಯಬಹುದು, ಅದಕ್ಕೇ ಆಸ್ಪತ್ರೆಯಲ್ಲಿ ಇಟ್ಟುಕೊಳ್ತಾರೆ ಅಂತಾನೂ ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಉಳಿದ 27 ಮಂದಿಗೂ ಮನಿ ಇರ್ತದಲ್ಲ" ಅಂದಳು. ನಮ್ಮ ಹತ್ರ ಉತ್ತರ ಇರಲಿಲ್ಲ.

ಮರುದಿನ ಪಕ್ಕದ ಮನೆಯವರು ಬಂದಾಗ ಒಳಗಿಂದ ಕೇಳಿಸಿತು: "ಅವನ ಸಿಪಾಯಿಗಳಿಗೇ ಕಳ್ಳನ್ನ ಗುರುತು ಹಿಡಿಯೋದು ಕಲಿಸಿ ವಾಪಸ್ ಕಳಸ್ತಾರಂತ." ನಾವು ಅರ್ಧ ಗಂಟೆ ಹೇಳಿದ್ದು ಅವಳಿಗೆ ಒಂದೇ ಮಾತಲ್ಲಿ ಬಂದಿತ್ತು.

ಕಾಕಾನ ದೇಹ ಈ ಚಿಕಿತ್ಸೆ ತಡೆದುಕೊಳ್ಳುತ್ತಾ ಅಂತ ಬೆಂಗಳೂರಿನಲ್ಲಿ ಇನ್ನೂ ನೋಡ್ತಿದ್ದಾರೆ. ದಿನಾ ರಾತ್ರಿ ಅಜ್ಜಿಗೆ ಫೋನ್ ಮಾಡಿ, ಅವತ್ತಿನ ರಿಪೋರ್ಟನ್ನು ಕನ್ನಡದಲ್ಲಿ ಓದಿ ಹೇಳೋದು ಈಗ ನಮ್ಮ ಕೆಲಸ.