ಮಾಸ್ತರರ ಕೆಂಪು ಶಾಯಿ

ನಿವೃತ್ತನಾಗಿ ಎಷ್ಟು ವರುಷಗಳು ಕಳೆದರೂ ಮಾಸ್ತರನ ಜೇಬಿನ ಕೆಂಪು ಶಾಯಿಯ ಪೆನ್ನು ಒಣಗುವುದಿಲ್ಲ. ಮದುವೆಯ ಲಗ್ನಪತ್ರಿಕೆ ಕೈಗೆ ಬಂದರೂ ವರನ ಹೆಸರಿಗಿಂತ ಮೊದಲು ಅಕ್ಷರದೋಷಗಳೇ ನನ್ನ ಕಣ್ಣಿಗೆ ಬೀಳುತ್ತವೆ. ಈ ಚಟದಿಂದ ಒಬ್ಬ ಹೆಣ್ಣುಮಗಳಿಗೆ ಆದ ನಷ್ಟವನ್ನು ಇಂದು ಬರೆಯಬೇಕಾಗಿದೆ. ಅಂದು ಅದನ್ನು ಕಂಡು ನಿಮ್ಮಲ್ಲಿ ಹಲವರು ನಕ್ಕಿದ್ದಿರಿ. ಆದ್ದರಿಂದ ತಪ್ಪೊಪ್ಪಿಗೆಯೂ ನಿಮ್ಮೆದುರಿನಲ್ಲಿಯೇ ಆಗಲಿ.

ಹಿರೋಳ್ಳಿ ನಮ್ಮ ಆಳಂದ ತಾಲ್ಲೂಕಿನ ಗಡಿಯ ಊರು. ದಾಟಿದರೆ ಮಹಾರಾಷ್ಟ್ರದ ಅಕ್ಕಲಕೋಟೆ ತಾಲ್ಲೂಕು; ಅಲ್ಲಿಯೂ ಅನೇಕರ ಮನೆಮಾತು ಕನ್ನಡವೇ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸಣ್ಣ ವ್ಯಾಪಾರವೆಂದರೆ ಸಂತೆ, ಜಾತ್ರೆ, ಆಳಂದದ ಲಾಡ್ಲೆ ಮಶಾಯಕರ ಉರುಸು, ಇಷ್ಟೇ. ಕೂಗು ಕೇಳಿಸುವಷ್ಟು ದೂರವೇ ಅಂಗಡಿಯ ಎಲ್ಲೆ. ಇಂದು ಆ ಕೂಗು ವಾಟ್ಸ್ಯಾಪಿನ ಮೂಲಕ ಪುಣೆಗೂ ಬೆಂಗಳೂರಿಗೂ ಮುಟ್ಟುತ್ತದೆ.

ಏಳನೆಯ ತರಗತಿಗೆ ಶಾಲೆ ಬಿಟ್ಟ ನನ್ನ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ಮಾಡಿ ಮಾರತೊಡಗಿದ್ದಳು. ತನ್ನ ಹೆಸರು ಬರೆಯುವುದು ಬೇಡವೆಂದಿದ್ದಾಳೆ. ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್ಯಾಪ್ ಬಳಗದಲ್ಲಿ ಒಂದು ಚಿತ್ರ ಹಾಕಿ, “ಕಡಕ ರೊಟ್ಟಿ ಸೇಂಗಾ ಇಂಡಿ ಸಿಗ್ತದ” ಎಂದು ಬರೆದಳು. ನಾನು ಕೂಡಲೇ ಕೆಳಗೆ ಬರೆದೆ: “ಖಡಕ್, ಶೇಂಗಾ, ಹಿಂಡಿ. ನನ್ನ ಕೈಯಲ್ಲಿ ಕಲಿತವಳು ಹೀಗೆ ಬರೆಯಬಹುದೇ?” ಅದರ ಬೆನ್ನಿಗೇ ನಗುಮುಖಗಳ ಸಾಲು ಬಂದಿತು. ಮರುದಿನ ಆ ಚಿತ್ರ ಅಲ್ಲಿರಲಿಲ್ಲ.

ತಿಂಗಳೊಂದು ಕಳೆದ ಮೇಲೆ ನನ್ನ ಮನೆಯವರು ಹಿಂಡಿ ಮುಗಿಯಿತೆಂದರು. ಫೋನು ಮಾಡಿ, “ಯಾಕ ತಂಗಿ, ಮಾಡೂದು ಬಿಟ್ಟೇನು?” ಎಂದು ಕೇಳಿದೆ.

“ಮಾಡೂದು ಬಿಟ್ಟಿಲ್ರಿ ಗುರುಗಳೇ, ಬರಿಯೂದು ಬಿಟ್ಟೀನಿ” ಎಂದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬೆಳಗ್ಗೆ ಅವಳ ಮನೆಗೆ ಹೋದೆ. ಒಲೆಯ ಬಳಿ ರೊಟ್ಟಿಯ ಬುಟ್ಟಿ ತುಂಬಿತ್ತು. ಅರ್ಧದಷ್ಟು ಓಣಿಯವರಿಗೆ ಉದ್ರಿಯಾಗಿ ಹೋಗುತ್ತಿತ್ತಂತೆ. ಸ್ಟೇಟಸ್‌ನಲ್ಲಿ ಹಾಕಿದ ಚಿತ್ರ 24 ಗಂಟೆಗಳಲ್ಲಿ ಮಾಯವಾಗುತ್ತದೆ. ಅದನ್ನು ಕಾಣುವವರೂ ಅವಳ ಪರಿಚಯದ ನಾಲ್ಕು ಜನ. ಊರು ಬಿಟ್ಟು ಹೋದ ನೀವೆಲ್ಲ ಇರುವ ನಮ್ಮ ಬಳಗವೊಂದೇ ಅವಳ ಪಾಲಿನ ಪೇಟೆಯಾಗಿತ್ತು. ಆ ಪೇಟೆಯ ಬಾಗಿಲನ್ನು ನಾನೇ ಮುಚ್ಚಿದ್ದೆ.

ಪ್ರಾಯಶ್ಚಿತ್ತವೆಂಬಂತೆ ಜಾಹೀರಾತನ್ನು ನಾನೇ ಬರೆದುಕೊಟ್ಟೆ: “ಶುಚಿ ರುಚಿಯಾದ ಶೇಂಗಾ ಹಿಂಡಿ ದೊರೆಯುತ್ತದೆ.” ಒಂದಕ್ಷರವೂ ತಪ್ಪಿರಲಿಲ್ಲ. ನಿಮ್ಮಲ್ಲೊಬ್ಬರು ಅದನ್ನು ಬೆಂಗಳೂರಿನ ನೆರೆಮನೆಯವರಿಗೆ ಕಳುಹಿಸಿದರು. ಅಲ್ಲಿಂದ ಬಂದ ಪ್ರಶ್ನೆ: “ಹಿಂಡಿ ಅಂದ್ರೆ ದನಗಳಿಗೆ ಹಾಕೋದಲ್ವಾ?” ಆ ಕಡೆ ಹಿಂಡಿಯೆಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ! ಕನ್ನಡದ ಮಾಸ್ತರನಾದ ನನಗೆ ಅದು ಹೊಳೆದಿರಲಿಲ್ಲ.

ಆಕೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಬಳಿಕ ಫೋನಿನಲ್ಲಿ ತನ್ನ ದನಿಯನ್ನೇ ಮುದ್ರಿಸಿ ಕಳುಹಿಸಿದಳು: “ಅಕ್ಕೋರೆ, ಇದು ದನಕ್ಕಲ್ರಿ. ಶೇಂಗಾ ಹುರದು, ಬಳ್ಳೊಳ್ಳಿ ಖಾರ ಹಾಕಿ ಕುಟ್ಟಿದ ಚಟ್ನಿಪುಡಿರಿ. ರೊಟ್ಟಿಗಿ ಮೊಸರ ಕೂಡ ಹಚ್ಚಿಕೊಂಡು ತಿಂದು ನೋಡ್ರಿ.” ಆ ಬೆಂಗಳೂರಿನ ತಾಯಿ ಒಂದು ಕಿಲೋ ತರಿಸಿಕೊಂಡರಲ್ಲದೆ, ಆ ದನಿಯನ್ನು ತಮ್ಮ ಬಂಧುಗಳಿಗೂ ಕಳುಹಿಸಿದರು. ಅಂದಿನಿಂದ ಆಕೆ ಬರೆಯುವ ಬದಲು ಮಾತನಾಡುತ್ತಾಳೆ. ರೊಟ್ಟಿ ಬಡಿಯುವ ಕೈಗಳನ್ನು ಮಗಳು ಚಿತ್ರೀಕರಿಸುತ್ತಾಳೆ. ಒಮ್ಮೆ ರೊಟ್ಟಿಗಳು ದಾರಿಯಲ್ಲಿ ಮುರಿದುಹೋದಾಗ, ಗಿರಾಕಿ ಕೇಳುವ ಮೊದಲೇ ಬೇರೆ ಕಟ್ಟು ಕಳುಹಿಸಿದಳು. ನಂಬಿಕೆ ಉಳಿದದ್ದು ಅದರಿಂದ.

ನಮ್ಮ ಜಿಲ್ಲೆಯ ಮಹಿಳೆಯರ ಜೋಳದ ರೊಟ್ಟಿ ಈಗ ಹೆಸರು ಮಾಡಿದೆ. 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೂ ಅದನ್ನು ಪ್ರಸ್ತಾಪಿಸಿ, ದಿನಕ್ಕೆ 3000ಕ್ಕೂ ಹೆಚ್ಚು ರೊಟ್ಟಿಗಳು ಸಿದ್ಧವಾಗುತ್ತಿವೆ, ಬೆಂಗಳೂರಿನಲ್ಲಿ ಮಳಿಗೆ ತೆರೆದಿದೆ, ಆನ್‌ಲೈನ್ ಬೇಡಿಕೆಯೂ ಬರುತ್ತಿದೆ ಎಂದರು. ಸಂತೋಷದ ಸಂಗತಿ. ಆದರೆ ಗಡಿಯ ಊರಿನ ಒಂಟಿ ಹಂಚಿನ ಒಡತಿಗೆ ಸಂಘದ ಬಲವಿಲ್ಲ, ಮಳಿಗೆಯಿಲ್ಲ. ಅವಳಿಗಿರುವುದು ಒಂದು ಫೋನು, ಒಂದು ದನಿ ಮತ್ತು ಗುರುತಿನವರ ಒಳ್ಳೆಯ ಮಾತು. ಆ ಮಾತಿನ ಬದಲು ನಾನು ಅವಳಿಗೆ ಕೊಟ್ಟದ್ದು ನಗೆಪಾಟಲು.

ಕೆಂಪು ಶಾಯಿ ಬೇಡವೇ ಬೇಡವೆಂದು ನಾನು ಹೇಳುವುದಿಲ್ಲ. ಪೊಟ್ಟಣದ ಚೀಟಿಯಲ್ಲಿ ತೂಕ, ತಯಾರಿಸಿದ ದಿನಾಂಕ, ಆಹಾರ ಸುರಕ್ಷತೆಯ 14 ಅಂಕಿಗಳ ನೋಂದಣಿ ಸಂಖ್ಯೆ ಇವು ತಪ್ಪಬಾರದು. ಆ ಚೀಟಿಯನ್ನು ಅಚ್ಚಿಗೆ ಕೊಡುವ ಮೊದಲು ಆಕೆ ನನಗೆ ಕಳುಹಿಸುತ್ತಾಳೆ, ನಾನು ತಿದ್ದುತ್ತೇನೆ. ಆ ತಿದ್ದುಪಡಿ ನಮ್ಮಿಬ್ಬರ ನಡುವೆಯೇ ಇರುತ್ತದೆ. ತಿದ್ದುವುದನ್ನು ಹೀಗೆಯೇ ಮಾಡಬೇಕೆಂದು ಮೂವತ್ತು ವರುಷ ಕಲಿಸಿದ ಮೇಲೂ ನನಗೆ ತಿಳಿದಿರಲಿಲ್ಲ.

ಕಳೆದ ವಾರ ಬಳಗದಲ್ಲಿ ಆಕೆ ಮತ್ತೆ ಬರೆದಿದ್ದಾಳೆ: “ಸೇಂಗಾ ಇಂಡಿ ತಯಾರ ಅದ.” ನಾನು ಕೆಳಗೆ ಬರೆದೆ: “ನನಗೊಂದು ಕಿಲೋ ಇಂಡಿ ಇರಲಿ, ತಂಗಿ.”

ಅಂದು ನಕ್ಕವರು ತಮ್ಮ ತಮ್ಮ ಬೇಡಿಕೆಯನ್ನು ಅಲ್ಲಿಯೇ ತಿಳಿಸಬಹುದು.