ಭಾನುವಾರದ ಓಲೆ



ಒಂದು ಲೇಖನ ಬರೆಯುವುದು ಬೇರೆ, ವಾರ ವಾರವೂ ಬರೆಯುತ್ತೇನೆಂದು ಒಪ್ಪಿಕೊಳ್ಳುವುದು ಬೇರೆ. ಮೊದಲನೆಯದು ಹಬ್ಬದ ಅಡಿಗೆ. ಉಪ್ಪು ಹೆಚ್ಚಾದರೂ ಜನ ನಾಲ್ಕು ದಿನದಲ್ಲಿ ಮರೆತುಬಿಡುತ್ತಾರೆ. ಎರಡನೆಯದು ದಿನನಿತ್ಯದ ಅಡಿಗೆ. ಡಬ್ಬದಲ್ಲಿ ಅಕ್ಕಿ ಇರಲಿ ಇಲ್ಲದಿರಲಿ, ಹೊತ್ತಿಗೆ ಸರಿಯಾಗಿ ಒಲೆ ಹಚ್ಚಲೇಬೇಕು. ಈ ಎರಡನೆಯ ಬಗೆಯ ಬರವಣಿಗೆಯ ಸುಖದುಃಖಗಳನ್ನು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ. ಇಂದು ನಿಮ್ಮ ಮನೆಗಳಲ್ಲಿಯೂ ಬರೆಯುವವರಿದ್ದಾರೆ. ಮಗಳೋ ಅಳಿಯನೋ ಫೋನಿನಲ್ಲಿ ಏನಾದರೊಂದನ್ನು ಬರೆದು ಹತ್ತು ಜನಕ್ಕೆ ಕಳುಹಿಸುತ್ತಿರುತ್ತಾರೆ. ಅವರ ಮುಖ ಒಂದು ದಿನ ಅರಳಿ ಮರುದಿನ ಬಾಡುವುದನ್ನು ನೀವು ಗಮನಿಸಿರಬಹುದು.

ಮಲೆನಾಡಿನ ಒಂದು ಧರ್ಮಕೇಂದ್ರಕ್ಕೆ ನಾನು ಹೋದದ್ದು 2003ರಲ್ಲಿ. ಕಾಫಿ ತೋಟಗಳ ನಡುವೆ ಚದುರಿದ ಮನೆಗಳು. ಮಳೆಗಾಲದಲ್ಲಿ ಒಂದು ಮನೆಯಿಂದ ಮತ್ತೊಂದಕ್ಕೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿಯುತ್ತಿತ್ತು. ಎಲ್ಲರನ್ನೂ ವಾರಕ್ಕೊಮ್ಮೆ ಮಾತನಾಡಿಸಲು ನನಗೆ ತೋಚಿದ ಉಪಾಯವೆಂದರೆ ಅರ್ಧ ಹಾಳೆಯ ಒಂದು ಓಲೆ. ಭಾನುವಾರದ ಬಲಿಪೂಜೆಯ ನಂತರ ಪೀಠಬಾಲಕರು ಅದನ್ನು ಬಾಗಿಲಲ್ಲಿ ನಿಂತು ಹಂಚುತ್ತಿದ್ದರು. ತಾಲ್ಲೂಕು ಕೇಂದ್ರದ ಡಿ.ಟಿ.ಪಿ. ಅಂಗಡಿಯಲ್ಲಿ ನುಡಿ ತಂತ್ರಾಂಶದಲ್ಲಿ ಅಕ್ಷರ ಜೋಡಿಸಿ, ಇನ್ನೂರು ಪ್ರತಿ ಜೆರಾಕ್ಸ್ ಮಾಡಿಸಿ ತರುತ್ತಿದ್ದೆ. ಅಕ್ಷರ ಜೋಡಿಸುತ್ತಿದ್ದ ಹುಡುಗ ಕ್ರೈಸ್ತನಲ್ಲ. ಆದರೂ ನನ್ನ ಮೊದಲ ವಾಚಕ ಅವನೇ. "ಫಾದರ್, ಹೋದ ವಾರದ ಕಥೆ ಮುಗಿಸ್ಲೇ ಇಲ್ಲವಲ್ಲ" ಎಂದು ಒಮ್ಮೆ ಅಂಗಡಿಯ ಮುಂದೆಯೇ ನನ್ನನ್ನು ತಡೆದು ನಿಲ್ಲಿಸಿದ್ದ. ಆ ದಿನ ನನಗಾದ ಹಿಗ್ಗು ಗುರುಪಟ್ಟದ ದಿನದ ಹಿಗ್ಗಿಗೆ ಬಹಳ ದೂರದ್ದೇನೂ ಆಗಿರಲಿಲ್ಲ. ಹಾಗೆಂದು ಧರ್ಮಾಧ್ಯಕ್ಷರ ಮುಂದೆ ಹೇಳಲಾರೆ.

ಅಲ್ಲಿಂದೀಚೆಗೆ ನಾಲ್ಕು ಬಾರಿ ವರ್ಗಾವಣೆಯಾಯಿತು. ಓಲೆಯೂ ನನ್ನ ಪೆಟ್ಟಿಗೆಯೊಡನೆ ಊರಿಂದೂರಿಗೆ ಬಂತು.

ಬರೆಯುವವನ ಪಾಲಿಗೆ ಶನಿವಾರವೆಂಬುದು ಬೇರೆಯೇ ಒಂದು ದಿನ. ಬೆಳಿಗ್ಗೆ ಒಂದು ಅಂತ್ಯಕ್ರಿಯೆ, ಮಧ್ಯಾಹ್ನ ಒಂದು ಮದುವೆ, ಸಂಜೆ ಪಾಪನಿವೇದನೆ. ಇವೆಲ್ಲ ಮುಗಿದು ಗುರುಮನೆಯ ಮೇಜಿನ ಮುಂದೆ ಕುಳಿತಾಗ ತಲೆಯಲ್ಲಿ ಒಂದು ಸಾಲೂ ಇರುವುದಿಲ್ಲ. ಕರೆಂಟೂ ಇರುವುದಿಲ್ಲ. ಅಂತಹ ರಾತ್ರಿಗಳಲ್ಲಿ ಬರೆದ ಓಲೆಗಳಲ್ಲಿ ಕೆಲವು ಚೆನ್ನಾಗಿಯೇ ಬಂದವು, ವಾರವಿಡೀ ಯೋಚಿಸಿ ಬರೆದವು ಸಪ್ಪೆಯಾದವು. ಇದರ ಲೆಕ್ಕ ನನಗೆ ಇಂದಿಗೂ ಹತ್ತಿಲ್ಲ. ಅಷ್ಟು ಕಷ್ಟಪಟ್ಟು ಬರೆದದ್ದು ಸೋಮವಾರದ ಸಂತೆಯಲ್ಲಿ ಕಡಲೆಕಾಯಿಯ ಪೊಟ್ಟಣವಾಗಿ ಕೈಗೆ ಬಂದರೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ನನಗೆ ಹಾಗೆ ಎರಡು ಬಾರಿ ಬಂದಿದೆ. ಕಡಲೆಕಾಯಿ ಮಾತ್ರ ಚೆನ್ನಾಗಿತ್ತು.

ಇಂತಹ ಹೊತ್ತಿನಲ್ಲೆಲ್ಲ ನಾನು ನೆನೆಯುವುದು ಸಂತ ಫ್ರಾನ್ಸಿಸ್ ಡಿ ಸೇಲ್ಸರನ್ನು. 1923ರಲ್ಲಿ ಜಗದ್ಗುರು ಹನ್ನೊಂದನೇ ಪಿಯುಸ್ ಅವರು ಇವರನ್ನು ಬರಹಗಾರರ ಪಾಲಕ ಸಂತರೆಂದು ಘೋಷಿಸಿದರು. ಗುರುಮಠದಲ್ಲಿ ಓದುವಾಗ ಇವರ ಕಥೆ ನನಗೆ ಬರಿಯ ಪರೀಕ್ಷೆಯ ಪ್ರಶ್ನೆಯಾಗಿತ್ತು. ನಾನೇ ಓಲೆ ಬರೆಯತೊಡಗಿದ ಮೇಲೆ ಅದು ಬೇರೆ ಕಥೆಯಾಯಿತು.

ಜಿನೀವಾ ಸರೋವರದ ದಕ್ಷಿಣ ದಡದಲ್ಲಿ ಶಾಬ್ಲೆ ಎಂಬ ಪ್ರಾಂತ್ಯವಿದೆ. ಇಂದು ಅದು ಫ್ರಾನ್ಸ್ ದೇಶಕ್ಕೆ ಸೇರಿದೆ, ಅಂದು ಸವಾಯ್ ಡ್ಯೂಕರದು. 1536ರಲ್ಲಿ ಬರ್ನ್ ನಗರದವರು ಅದನ್ನು ವಶಪಡಿಸಿಕೊಂಡ ಬಳಿಕ ಅಲ್ಲಿನ ಜನ ಪ್ರೊಟೆಸ್ಟೆಂಟ್ ಪಂಥವನ್ನು ಅನುಸರಿಸತೊಡಗಿದ್ದರು. 1594ರ ಸೆಪ್ಟೆಂಬರ್‌ನಲ್ಲಿ, ಗುರುಪಟ್ಟ ಪಡೆದು ಇನ್ನೂ ವರ್ಷ ತುಂಬದ ಇಪ್ಪತ್ತೇಳರ ಫ್ರಾನ್ಸಿಸ್ ತಮ್ಮ ಸೋದರಸಂಬಂಧಿ ಲೂಯಿಯವರೊಡನೆ ಅಲ್ಲಿಗೆ ಹೋದರು. ತಂದೆಗೆ ಇದು ಇಷ್ಟವಿರಲಿಲ್ಲ. ಕಾನೂನು ಓದಿದ ಹಿರಿಮಗ ಊರಿನಲ್ಲಿಯೇ ದೊಡ್ಡ ಹುದ್ದೆಯಲ್ಲಿರಬೇಕೆಂಬುದು ಅವರ ಆಸೆ. ಫ್ರಾನ್ಸಿಸ್ ಅಲ್ಲಾಂಜ್ ಕೋಟೆಯಲ್ಲಿ ತಂಗಿ, ಅಲ್ಲಿಂದ ತೊನೊಂ ಪಟ್ಟಣಕ್ಕೆ ನಡೆದು ಹೋಗಿ ಉಪದೇಶ ಮಾಡುತ್ತಿದ್ದರು. ಕೇಳಲು ಬಂದವರು ಬೆರಳೆಣಿಕೆಯಷ್ಟು. ಕೇಳಬೇಕೆಂಬ ಮನಸ್ಸಿದ್ದವರೂ ನೆರೆಹೊರೆಗೆ ಹೆದರಿ ಬಾರದೆ ಉಳಿದರು.

ಮಾತು ಕೇಳಲು ಬಾರದವರು ಕಾಗದವನ್ನಾದರೂ ಓದಬಹುದಲ್ಲ! 1595ರ ಆರಂಭದಲ್ಲಿ ಅವರು ಚಿಕ್ಕ ಚಿಕ್ಕ ಹಾಳೆಗಳನ್ನು ಬರೆಯತೊಡಗಿದರು. ಅವುಗಳನ್ನು ಪ್ರತಿ ಮಾಡಿ ಮನೆಗಳ ಬಾಗಿಲ ಸಂದಿಯಲ್ಲಿ ತೂರಿಸಲಾಗುತ್ತಿತ್ತು, ಊರಿನ ಬಹಿರಂಗ ಸ್ಥಳಗಳಲ್ಲಿ ಅಂಟಿಸಲಾಗುತ್ತಿತ್ತು. ಯಾರು ಓದಿದರು, ಯಾರು ಒಲೆಗೆ ಹಾಕಿದರು, ಬಾಗಿಲ ಹೊರಗೆ ನಿಂತವನಿಗೆ ಹೇಗೆ ತಿಳಿಯಬೇಕು? ಆದರೂ ಬರೆದರು.

ನಾಲ್ಕು ವರ್ಷಗಳಲ್ಲಿ ಶಾಬ್ಲೆಯ ಬಹುಪಾಲು ಜನ ಕಥೋಲಿಕ ಧರ್ಮಸಭೆಗೆ ಮರಳಿದರು. ಇದೆಲ್ಲವೂ ಆ ಹಾಳೆಗಳ ಮಹಿಮೆಯೇ ಎಂದು ಕೆಲವು ಸಂತಚರಿತ್ರೆಗಳು ಹೇಳುವುದನ್ನು ನಾನು ಒಪ್ಪಲಾರೆ. ಡ್ಯೂಕರ ಅಧಿಕಾರದ ಬಲವೂ ಅಲ್ಲಿ ಕೆಲಸ ಮಾಡಿದೆ. ಆ ಪಂಥವಾದಗಳ ಕಾಲವೂ ಇಂದು ಕಳೆದಿದೆ. ನನ್ನ ಮನಸ್ಸನ್ನು ಹಿಡಿಯುವ ಸಂಗತಿ ಬೇರೊಂದು. ಆ ಹಾಳೆಗಳು ಪುಸ್ತಕವಾಗಿ ಅಚ್ಚಾದದ್ದು 1672ರಲ್ಲಿ. ಬರೆದವರು 1622ರಲ್ಲಿಯೇ ಲಿಯೊನ್ ನಗರದಲ್ಲಿ ತೀರಿಕೊಂಡಿದ್ದರು. ಐವತ್ತು ವರ್ಷ! ನಾವು ಐದು ನಿಮಿಷದಲ್ಲಿ ಉತ್ತರ ಬಾರದಿದ್ದರೆ ಮುಖ ಸಪ್ಪಗೆ ಮಾಡಿಕೊಳ್ಳುತ್ತೇವೆ.

ಮೌನಕ್ಕಿಂತ ಕಠಿಣವಾದದ್ದು ಅನುಮಾನ. ಧರ್ಮಗುರುವಾದವನು ಬರೆಯಲು ಕುಳಿತರೆ ಅದು ಕಣಜದ ಮುಂದೆ ಕುಳಿತು ಉಪವಾಸ ಮಾಡಿದಂತೆ. ಪಾಪನಿವೇದನೆಯಲ್ಲಿ ಕೇಳಿದ್ದು ನಮ್ಮೊಡನೆ ಮಣ್ಣಿಗೆ ಹೋಗತಕ್ಕದ್ದು, ಅದರ ಮಾತೇ ಬೇಡ. ಮನೆಭೇಟಿಯಲ್ಲಿ ಕಾಫಿ ಕುಡಿಯುತ್ತ ಕೇಳಿದ ಕಷ್ಟಗಳನ್ನೂ ನಾನು ಬರೆಯುವುದಿಲ್ಲ. ಉಳಿದದ್ದು ಪತ್ರಿಕೆಯಲ್ಲಿ ಓದಿದ್ದು, ರಸ್ತೆಯಲ್ಲಿ ಕಂಡದ್ದು, ನನ್ನ ಬಾಲ್ಯದ್ದು. ಹೀಗಿದ್ದೂ ಕುಡಿತದ ಕುರಿತು ಬರೆದ ವಾರ ಮೂರು ಮನೆಯವರು "ಇದು ನಮ್ಮ ಮನೆಯ ವಿಷಯ" ಎಂದು ಮುನಿಸಿಕೊಂಡರು. ಆ ಮೂರು ಮನೆಗಳಲ್ಲಿ ಎರಡರ ಸಂಗತಿ ನನಗೆ ಗೊತ್ತಾದದ್ದೇ ಅವರು ಮುನಿಸಿಕೊಂಡ ಮೇಲೆ. ಒಂದು ಮನೆಯ ಯಜಮಾನ ಆರು ತಿಂಗಳು ಪಕ್ಕದ ಧರ್ಮಕೇಂದ್ರದ ಪೂಜೆಗೆ ಹೋದರು. ನಾನು ಹೋಗಿ ಕರೆದೆ, ಬರಲಿಲ್ಲ. ಕ್ರಿಸ್ಮಸ್‌ಗೆ ತಾವಾಗಿಯೇ ಬಂದರು.

ಫ್ರಾನ್ಸಿಸರಿಗೆ ಇದಕ್ಕಿಂತ ಘೋರವಾದದ್ದು ಆಯಿತು. ಅವರು 1609ರಲ್ಲಿ ಪ್ರಕಟಿಸಿದ ಭಕ್ತಿಜೀವನದ ಕೈಪಿಡಿಯಲ್ಲಿ ಸಂಸಾರಸ್ಥರು ಮಿತವಾಗಿ ನೃತ್ಯ, ವಿನೋದಗಳಲ್ಲಿ ಪಾಲ್ಗೊಂಡರೆ ಅದು ಪಾಪವಲ್ಲವೆಂಬ ಮಾತಿದೆ. ಇದರಿಂದ ಕೆರಳಿದ ಒಬ್ಬ ಸನ್ಯಾಸಿ ಉಪದೇಶ ಪೀಠದಿಂದಲೇ ಪುಸ್ತಕವನ್ನು ಖಂಡಿಸಿ, ಮೇಣದ ಬತ್ತಿ ತರಿಸಿ ಜನರೆದುರು ಅದನ್ನು ಸುಟ್ಟರೆಂದು ಚರಿತ್ರಕಾರರು ಹೇಳುತ್ತಾರೆ. ಫ್ರಾನ್ಸಿಸರು ಅದನ್ನು ಶಾಂತವಾಗಿ ಸಹಿಸಿಕೊಂಡರಂತೆ. ನನಗೆ ಅಷ್ಟು ಶಾಂತಿ ಬರುವುದಿಲ್ಲ. ಆದರೆ ಇನ್ನೂ ಯಾರೂ ಬತ್ತಿ ತರಿಸಿಲ್ಲ.

2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿದ್ದಾಗ ದೇವಾಲಯಗಳೂ ಮುಚ್ಚಿದವು. ಹಾಳೆ ಹಂಚುವ ದಾರಿ ಇರಲಿಲ್ಲ. ಯುವಕರ ಸಂಘದವರು ಓಲೆಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಲು ಕಲಿಸಿದರು. ಅಲ್ಲಿಯವರೆಗೆ ಕಾಫಿ ತೋಟದ ಗಡಿ ದಾಟದಿದ್ದ ಓಲೆ ಒಂದೇ ತಿಂಗಳಲ್ಲಿ ಬೆಂಗಳೂರು, ಮುಂಬಯಿ, ಕುವೈತ್, ದುಬೈ ಮುಟ್ಟಿತು. ಕೈಮುಗಿದ ಚಿತ್ರಗಳು, ಹೂವಿನ ಚಿತ್ರಗಳು ಮಳೆಯಂತೆ ಸುರಿದವು. ಓದಲು ನಾಲ್ಕು ನಿಮಿಷ ಬೇಕಾದ ಬರಹಕ್ಕೆ ಹತ್ತು ಸೆಕೆಂಡಿನೊಳಗೆ "ಅದ್ಭುತ ಫಾದರ್" ಎಂಬ ಉತ್ತರ! ಬರೆದವನ ಕಣ್ಣು ತಾನಾಗಿ ಆ ನೀಲಿ ಗೆರೆಗಳತ್ತ ಹೋಗುತ್ತದೆ. ಇಂದು ಎಷ್ಟು ಮಂದಿ, ಹೋದ ವಾರ ಎಷ್ಟು ಮಂದಿ ಎಂಬ ಲೆಕ್ಕ ಶುರುವಾಗುತ್ತದೆ. ಎಣಿಕೆ ಏರಿದ ವಾರ ಊಟ ರುಚಿಸುತ್ತದೆ, ಇಳಿದ ವಾರ ಇಲ್ಲ. ನಿಮ್ಮ ಮಗಳ ಮುಖ ಬಾಡುವುದು ಇದಕ್ಕೇ. ಅವಳನ್ನು ಗದರಬೇಡಿ. ಅವಳು ಬರೆದದ್ದನ್ನು ಒಮ್ಮೆ ಪೂರ್ತಿಯಾಗಿ ಓದಿ, ಅದರಲ್ಲಿನ ಒಂದು ಮಾತನ್ನು ಹಿಡಿದು ಅವಳೊಡನೆ ಮಾತನಾಡಿ.

ಫೋನಿನ ಮತ್ತೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ತಾಳ್ಮೆಯ ಕುರಿತು ನಾನು ಬರೆದ ಓಲೆಯೊಂದು ಹೆಸರು ಕಳೆದುಕೊಂಡು, ಕೊನೆಯಲ್ಲಿ "ಹತ್ತು ಜನರಿಗೆ ಕಳುಹಿಸಿದರೆ ಶುಭವಾರ್ತೆ ಬರುತ್ತದೆ" ಎಂಬ ಬಾಲವನ್ನು ಅಂಟಿಸಿಕೊಂಡು, ಎಲ್ಲೆಲ್ಲೋ ಸುತ್ತಿ ನಮ್ಮ ಚಿಕ್ಕಮ್ಮನ ಮೂಲಕ ನನಗೇ ಬಂತು. ಕೆಳಗೆ ಚಿಕ್ಕಮ್ಮನ ಸಲಹೆ: "ನೀನೂ ಹೀಗೆ ಬರೆಯುವುದನ್ನು ಕಲಿ."

ಅದೇ ಫೋನಿನ ಮೂಲಕ 2021ರಲ್ಲಿ ಒಂದು ಪತ್ರ ಬಂತು. ನಾನು ಆ ವಾರ ಮಲೆನಾಡಿನ ಬೀಗ ಬಿದ್ದ ಮನೆಗಳ ಕುರಿತು ಬರೆದಿದ್ದೆ. ಮುದುಕರು ಒಂಟಿಯಾಗಿ ತೀರಿಕೊಳ್ಳುವುದು, ಹಣ್ಣಾದ ಕಾಫಿ ಗಿಡದಲ್ಲೇ ಒಣಗುವುದು, ಅಂಗಳದಲ್ಲಿ ಕಳೆ ಬೆಳೆಯುವುದು. ಕುವೈತ್‌ನಲ್ಲಿ ಕೆಲಸ ಮಾಡುವ ಒಬ್ಬ ಮಗ ಬರೆದಿದ್ದ. ಅವನ ತಂದೆ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ವಿಮಾನಗಳು ನಿಂತಿದ್ದವು. ಅಪ್ಪನನ್ನು ಮಣ್ಣು ಮಾಡುವುದನ್ನು ಅವನು ಆರು ಜನರ ಕೋಣೆಯಲ್ಲಿ ಮಂಚದ ಮೇಲೆ ಕುಳಿತು ಫೋನಿನಲ್ಲಿ ನೋಡಿದ. ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು. "ನೀವು ಬೀಗವನ್ನು ನೋಡಿ ಬರೆದಿರಿ ಫಾದರ್. ಆ ಮನೆಯ ಸಾಲ ತೀರಿಸಲೆಂದೇ ಬೀಗ ಹಾಕಿ ಬಂದವರು ನಾವು" ಎಂದಿದ್ದ.

ನನ್ನ ಬರಹದಲ್ಲಿ ಸುಳ್ಳಿರಲಿಲ್ಲ. ಅವನ ಪತ್ರದಲ್ಲಿಯೂ ಇರಲಿಲ್ಲ. ಅವನ ಒಪ್ಪಿಗೆ ಪಡೆದು, ಹೆಸರು ತೆಗೆದು, ಮುಂದಿನ ವಾರದ ಓಲೆಯಲ್ಲಿ ಆ ಪತ್ರವನ್ನಷ್ಟೇ ಅಚ್ಚು ಹಾಕಿಸಿದೆ. ನನ್ನದೊಂದು ಸಾಲನ್ನೂ ಸೇರಿಸಲಿಲ್ಲ. ಆಗ ಪೂಜೆಗಳು ಮತ್ತೆ ಆರಂಭವಾಗಿದ್ದವು. ಜನ ದೇವಾಲಯದ ಅಂಗಳದಲ್ಲಿ ನಿಂತಲ್ಲೇ ಅದನ್ನು ಓದಿದರು. ಮನೆಗೆ ಹೊರಟವರು ಜೀಪಿನ ಬಳಿ ನಿಂತು ಓದಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅಂಗಳ ಅಷ್ಟು ನಿಶ್ಶಬ್ದವಾಗಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಬರೆಯದ ಓಲೆಗೆ!

ಫ್ರಾನ್ಸಿಸರ ಆ ಸುಟ್ಟ ಪುಸ್ತಕದ ಹುಟ್ಟಿನ ಕಥೆಯನ್ನು ಇಲ್ಲಿ ಹೇಳಬೇಕು. ಅದು ಲೋಕಕ್ಕೆಂದು ಬರೆದದ್ದಲ್ಲ. ಮದಾಮ್ ದ ಶಾರ್ಮ್ವಾಸಿ ಎಂಬ ಬಂಧುವರ್ಗದ ಗೃಹಿಣಿಯೊಬ್ಬರಿಗೆ, ಸಂಸಾರದ ನಡುವೆ ಪ್ರಾರ್ಥನೆ ಹೇಗೆಂದು ತಿಳಿಸಲು ಬರೆದ ಟಿಪ್ಪಣಿಗಳು ಅವು. ಆಕೆ ಅವುಗಳನ್ನು ಒಬ್ಬ ಯೇಸುಸಭೆಯ ಗುರುವಿಗೆ ತೋರಿಸಿದಾಗ, ಅಚ್ಚು ಹಾಕಿಸಲೇಬೇಕೆಂದು ಅವರು ಒತ್ತಾಯಿಸಿದರು. ಒಬ್ಬರಿಗಾಗಿ ಬರೆದದ್ದು ನಾನೂರು ವರ್ಷಗಳಿಂದ ಎಷ್ಟೋ ಭಾಷೆಗಳಲ್ಲಿ ಓದಿಸಿಕೊಳ್ಳುತ್ತಿದೆ.

ನನಗೂ ಒಬ್ಬ ಅಜ್ಜಿ ಇದ್ದರು. ತೋಟದ ಲೈನ್ ಮನೆಯಲ್ಲಿ ವಾಸ, ಓದು ಬರಹ ಬಾರದು. ಪ್ರತಿ ಭಾನುವಾರ ಸಂಜೆ ಮೊಮ್ಮಗಳಿಂದ ಓಲೆ ಓದಿಸಿ ಕೇಳುತ್ತಿದ್ದರು. ಬರೆಯಲು ಕುಳಿತಾಗ ನಾನು ನೆನೆಯುತ್ತಿದ್ದ ಮುಖ ಅದು. ಒಮ್ಮೆ ಸೋಮವಾರ ಬೆಳಿಗ್ಗೆ ಅವರ ಮನೆಗೆ ಹೋದಾಗ ನನ್ನ ಓಲೆಯನ್ನು ಸುರುಳಿ ಸುತ್ತಿ ಒಲೆಗೆ ಬೆಂಕಿ ಹಚ್ಚುತ್ತಿದ್ದರು. ನನ್ನನ್ನು ಕಂಡು ನಾಚಲೂ ಇಲ್ಲ. "ಕೇಳಿ ಆಯ್ತಲ್ಲ ಸ್ವಾಮಿ, ಇನ್ನು ಇಟ್ಕೊಂಡು ಏನ್ ಮಾಡ್ಲಿ? ಕೂತ್ಕೊಳಿ, ಕಾಫಿ ಕಾಯ್ಸ್ತೀನಿ" ಎಂದರು. ಆ ಕಾಫಿಯನ್ನು ನಾನು ಬಹಳ ಸಂತೋಷದಿಂದ ಕುಡಿದೆ.

ಅಜ್ಜಿ 2023ರಲ್ಲಿ ತೀರಿಕೊಂಡರು. ಆಗ ನಾನು ಬೇರೆ ಊರಿನಲ್ಲಿದ್ದೆ, ಅಂತ್ಯಕ್ರಿಯೆಗೆ ಹೋಗಿ ಬಂದೆ. ಅದಾದ ಮೇಲೆ ನಾಲ್ಕು ವಾರ ಓಲೆ ಹೊರಡಲಿಲ್ಲ. ಪುಟದ ಆಚೆ ಬದಿಯಲ್ಲಿ ಯಾರೂ ಕುಳಿತಿಲ್ಲವೆಂಬ ಭಾವ. ಓಲೆಯನ್ನು ಇಲ್ಲಿಗೇ ನಿಲ್ಲಿಸಿಬಿಡೋಣವೆಂದು ನಮ್ಮ ಉಪದೇಶಿಯವರಿಗೂ ಹೇಳಿದ್ದೆ. ಐದನೆಯ ವಾರ ಮೊಮ್ಮಗಳ ಫೋನ್ ಬಂತು. ಅವಳೀಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಓಲೆ ಏಕೆ ಬರುತ್ತಿಲ್ಲವೆಂದು ಕೇಳಿದಳು. ರಾತ್ರಿ ಪಾಳಿಯಲ್ಲಿ, ರೋಗಿಗಳು ಮಲಗಿದ ಮೇಲೆ ಓದುತ್ತಾಳಂತೆ.

"ಆದ್ರೆ ಫಾದರ್, ನಿಮ್ಮ ವಾಕ್ಯ ಬಹಳ ಉದ್ದ. ಅಜ್ಜಿಗೆ ಓದುವಾಗ ನಾನೇ ತುಂಡು ಮಾಡಿ ಓದ್ತಿದ್ದೆ. ಕೆಲವು ಕಡೆ ಬಿಟ್ಟೂ ಬಿಡ್ತಿದ್ದೆ. ಒಂದೆರಡು ಕಡೆ ನಂದೇ ಸೇರಿಸಿದ್ದೂ ಉಂಟು" ಎಂದಳು.

ಯಾವುದನ್ನು ಬಿಡುತ್ತಿದ್ದೆ, ಏನನ್ನು ಸೇರಿಸುತ್ತಿದ್ದೆ ಎಂದು ಕೇಳಿದೆ. ನಕ್ಕಳು, ಹೇಳಲಿಲ್ಲ. ಆ ಶನಿವಾರದ ಓಲೆಯನ್ನು ಚಿಕ್ಕ ವಾಕ್ಯಗಳಲ್ಲಿ ಬರೆದೆ.