ಹನ್ನೆರಡಕ್ಕೆ ಪ್ರಿನ್ಸ್, ನಲವತ್ಮೂರಕ್ಕೆ ನಂಬರ್ ಒನ್

ನಮ್ಮ ಕುಡತಿನಿಯಲ್ಲಿ ಟೆನಿಸ್ ಅಂದ್ರೆ ಬಾಲ್ ಅಷ್ಟೇ. ಅದೂ ಕ್ರಿಕೆಟ್ ಆಡೋಕೆ. ಥರ್ಮಲ್ ಪ್ಲಾಂಟಿನ ಚಿಮಣಿ ಕಾಣೋ ಬಯಲಲ್ಲಿ ಆಡ್ತಿದ್ದ ನಮಗೆ, ಆ ಬಾಲಿಗೆ ಅದರದ್ದೇ ಒಂದು ಆಟ ಇದೆ ಅನ್ನೋದು ಟೀವೀಲಿ ಕಂಡ ಸಂಗತಿ ಮಾತ್ರ. ಆ ಆಟದ ಲೆಕ್ಕ ನಾನು ಕಲಿತದ್ದು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ, ಒಂದು ಜಪಾನಿ ಕಾಮಿಕ್ಸಿನಿಂದ! (ಅವರು ಅದನ್ನ ಮಾಂಗಾ ಅಂತಾರೆ. ತಮಿಳಿನ ಮಾವಿನಕಾಯಿಗೂ ಅದಕ್ಕೂ ಸಂಬಂಧ ಇಲ್ಲ :-))

ಹೆಸರು 'ದಿ ಪ್ರಿನ್ಸ್ ಆಫ್ ಟೆನಿಸ್'. ತಕೇಶಿ ಕೊನೋಮಿ ಅವರದ್ದು. 1999ರಿಂದ 2008ರವರೆಗೆ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಬಂದು 42 ಸಂಪುಟ ಆಯ್ತು. ನಾಯಕ ರ್ಯೋಮಾ ಎಚಿಜೆನ್, ವಯಸ್ಸು 12. ಅಮೆರಿಕದಲ್ಲಿ ಜೂನಿಯರ್ ಟೂರ್ನಿಗಳನ್ನ ಗೆದ್ದು ಬಂದವನು. ಹೊಸ ಶಾಲೆಯಲ್ಲಿ ಮೊದಲ ವರ್ಷದವರ ಕೆಲಸ ಬಾಲ್ ಹೆಕ್ಕೋದು. ಇವನು ಸೀನಿಯರ್‌ಗಳನ್ನೇ ಸೋಲಿಸಿ ಟೀಮ್ ಸೇರ್ತಾನೆ. ಎಡಗೈ ಆಟಗಾರ, ಆದ್ರೆ ಎಷ್ಟೋ ಸಲ ಬಲಗೈಯಲ್ಲೇ ಶುರು ಮಾಡ್ತಾನೆ. ಏನು ಪೊಗರು ಅಂತೀರಿ!

ಇಪ್ಪತ್ತರಲ್ಲಿ ಓದಿದಾಗ ಬರೀ ಮಜಾ ಇತ್ತು. ಮೊನ್ನೆ ಮತ್ತೆ ಓದಿದಾಗ ಬೇರೇನೋ ಕಾಣಿಸ್ತು. ರ್ಯೋಮಾನ ಅಪ್ಪ ನಂಜಿರೋ ಹಳೇ ಪ್ರೊಫೆಶನಲ್ ಆಟಗಾರ. ಮನೆ ಹತ್ರಾನೇ ಕೋರ್ಟು. ದಿನಾ ಅಪ್ಪನ ಜೊತೆ ಆಟ. ಹುಟ್ಟು ಪ್ರತಿಭೆ ಅಂತೀವಲ್ಲ, ಅದರಲ್ಲಿ ಹುಟ್ಟಿದ ಮನೆಯ ಪಾಲೆಷ್ಟು?

ಇನ್ನೊಂದು ವಿಷಯ. ಈ ಮಹಾಶಯನಿಗೆ ಡಬಲ್ಸ್ ಬರಲ್ಲ. ಮೊಮೊಶಿರೋ ಜೊತೆ ಇಳಿದಾಗ ಕೋರ್ಟನ್ನ ಅಣ್ಣತಮ್ಮಂದಿರು ಹೊಲ ಪಾಲು ಮಾಡಿದಂಗೆ ಎರಡು ಮಾಡಿಕೊಂಡು ಆಡ್ತಾರೆ.

ಅಲ್ಲಿ ನನಗೆ ನೆನಪಾದವರು ನಮ್ಮ ರೋಹನ್ ಬೋಪಣ್ಣ. ಕೊಡಗಿನ ಕಾಫಿ ಬೆಳೆಗಾರರ ಮಗ. ಟೆನಿಸ್ ಶುರು ಮಾಡಿದ್ದೇ 11ಕ್ಕೆ. ದೊಡ್ಡ ಹೆಸರು ಬಂದದ್ದು ಡಬಲ್ಸಿನಲ್ಲಿ. ಮೊಣಕಾಲಿನ ಮೃದ್ವಸ್ಥಿ ಸವೆದು ನೋವು ಹೆಚ್ಚಾದಾಗ ಅಯ್ಯಂಗಾರ್ ಯೋಗ ಹಿಡಿದರು. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದರು, ವಿಶ್ವದ ನಂಬರ್ ಒನ್ ಡಬಲ್ಸ್ ಆಟಗಾರರಾದರು. ಆಗ ವಯಸ್ಸು 43! ಪುರುಷರ ಡಬಲ್ಸಿನಲ್ಲಿ ಅದು ಅವರ ಮೊದಲ ಗ್ರ್ಯಾಂಡ್ ಸ್ಲಾಮ್. 2025ರ ನವೆಂಬರಿನಲ್ಲಿ ನಿವೃತ್ತಿ ಹೇಳಿದರು.

ಇದೆಲ್ಲ ಈಗ ತಲೇಲಿ ಓಡೋಕೆ ಕಾರಣ ನನ್ನ ಅಕ್ಕನ ಮಗ. ಅವನಿಗೂ ಹನ್ನೆರಡು. ಶಟಲ್ ಹುಚ್ಚು. ಬಳ್ಳಾರಿಗೆ ಕೋಚಿಂಗಿಗೆ ಹೋಗ್ತೀನಿ ಅಂತ ಹಟ. ಭಾವನ ಪ್ರಶ್ನೆ ಒಂದೇ: "ಅಲ್ಲೋ, ಇವನು ಚಾಂಪಿಯನ್ ಆಗ್ತಾನೇನು? ಆಗಂಗಿಲ್ಲ ಅಂದ್ರ ಬಸ್ ಚಾರ್ಜು, ಫೀಸು, ಓದು ಎಲ್ಲಾ ಹಾಳಲ್ಲೇನು?" ಹುಡುಗ ರಾತ್ರಿ ಫೋನ್ ಮಾಡಿ, "ಮಾಮಾ, ನೀನಾದ್ರೂ ಅಪ್ಪಗ ಹೇಳು" ಅಂದ.

ಭಾವನ ಮಾತು ತಳ್ಳಿಹಾಕೋ ಹಂಗಿಲ್ಲ. ಅವರ ಸಂಬಳದಲ್ಲಿ ಅದು ನಿಜವಾದ ಖರ್ಚು. ಆದ್ರೆ ಹನ್ನೆರಡಕ್ಕೇ ತೀರ್ಪು ಬರೀಬೇಕು ಅನ್ನೋದು ಕಾಮಿಕ್ಸಿನ ನಿಯಮ, ಬದುಕಿನದ್ದಲ್ಲ. ಚಾಂಪಿಯನ್ ಆಗದಿದ್ರೂ ಸೋತು ಮನೆಗೆ ಬಂದು ಊಟ ಮಾಡಿ ಮರುದಿನ ಮತ್ತೆ ಹೋಗೋದನ್ನ ಕಲೀತಾನಲ್ಲ?

ಒಂದು ವರ್ಷದ ಫೀಸು ನಂದು ಅಂತ ಭಾವನಿಗೆ ಹೇಳಿದೀನಿ. "ನೋಡೋಣ" ಅಂದಿದಾರೆ. ನಮ್ಮ ಕಡೆ ಆ ಮಾತಿಗೆ ಎರಡೂ ಅರ್ಥ ಉಂಟು. ನೀವಾಗಿದ್ರೆ ಏನು ಮಾಡ್ತಿದ್ರಿ?